ಏನೂ ಬ್ಯಾಡ ಅಂದವರ ಮಂಚ

ಇವತ್ತು ಮಗಳನ್ನು ನೋಡಲು ರಾಯಚೂರಿನ ನಮ್ಮ ಮನೆಗೆ ಬಂದಿದ್ದ ಹುಡುಗನ ತಂದೆ, ಚಹಾದ ಕಪ್ಪು ಕೆಳಗಿಡುತ್ತ, "ನಮಗೇನೂ ಬ್ಯಾಡ್ರಿ, ಹುಡುಗಿ ಒಬ್ಬಾಕಿ ಬಂದ್ರ ಸಾಕು" ಎಂದರು. ನನ್ನ ಮೂಗಿಗೆ ಎಷ್ಟೋ ವರ್ಷಗಳ ಹಿಂದಿನ ಹೊಸ ಮಂಚದ ಪಾಲಿಶ್ ವಾಸನೆ ಬಡಿಯಿತು.

ನಾನು ಚಿಕ್ಕವಳಿದ್ದಾಗ, ನನ್ನ ಸೋದರತ್ತೆಯನ್ನು ನೋಡಲು ಮಾನ್ವಿಯಿಂದ ದೇವದುರ್ಗಕ್ಕೆ ಬಂದವರೂ ಇದೇ ಮಾತು ಹೇಳಿದ್ದರು. ಅಜ್ಜ ಕೈಮುಗಿದ. ಹುಡುಗನ ಅಪ್ಪ ಮಂಡಾಳ ಒಗ್ಗರಣೆ ಮೆಲ್ಲುತ್ತ, "ನಮ್ಮ ಹುಡುಗ ಇನ್ನೂ ನೆಲದ ಮ್ಯಾಲೇ ಮಲಗ್ತಾನ್ರಿ" ಎಂದ.

ಅಡುಗೆಮನೆಯಲ್ಲಿ ಅಜ್ಜಿ ನನ್ನ ಕಿವಿಯಲ್ಲಿ, "ಮಂಚ ಕೇಳಿದ ನೋಡವ್ವ" ಎಂದಳು.

ಸಾಗವಾನಿ ಮಂಚ ಅತ್ತೆಗಿಂತ ಮೊದಲೇ ಮಾನ್ವಿ ಮುಟ್ಟಿತು. ಮದುವೆಯಾಗಿ ತಿಂಗಳಾಗಿರಲಿಲ್ಲ, ಅಲ್ಲಿ ಬಹಳ ಸೆಕೆ ಎಂದು ಸುದ್ದಿ ಬಂತು.

"ಈಗ ಕೂಲರ್" ಎಂದಳು ಅಜ್ಜಿ. "ಇಷ್ಟು ಬೇಕು ಅಂದಿದ್ರ ಅಲ್ಲಿಗೇ ಮುಗೀತಿತ್ತು. ಏನೂ ಬ್ಯಾಡ ಅಂದವರದು ಮುಗಿಯಂಗಿಲ್ಲ."

ಹಾಗಾಗಿ ಇವತ್ತೂ ನಾನು ಮುಂದಿನ ಮಾತಿಗೆ ಕಾದು ಕುಳಿತೆ. ಅವರು ಕಿಟಕಿಯತ್ತ ನೋಡುತ್ತ, "ನಮ್ಮ ಓಣಿ ಈಗ ಅಗಲ ಮಾಡ್ಯಾರ್ರಿ. ಕಾರು ಸೀದಾ ಬಾಗಿಲ ತನಕ ಬರ್ತದ" ಎಂದರು.

ಖಾಲಿ ಕಪ್ಪು ಎತ್ತಿಕೊಳ್ಳುತ್ತಿದ್ದ ಮಗಳು ಕೇಳಿದಳು: "ಬಸ್ಸು ಬರ್ತದೇನ್ರಿ?"