ಜವಾಬು ಮೊದಲು, ಸವಾಲು ಆಮೇಲೆ

ಗೆಳೆಯರೇ, ಇವತ್ತು ಆಳಂದದಲ್ಲಿ ನಮ್ಮ ಸವಾಲ್-ಜವಾಬ್ ಹಾಡಿನ ಕ್ಯಾಸೆಟ್ ರೆಕಾರ್ಡಿಂಗ್ ಆಯಿತು. ದಪ್ಪು ಬಾರಿಸುವ ನನ್ನ ಜಾಗದಲ್ಲಿ ಕೀಬೋರ್ಡ್ ಕೂತಿದ್ದರಿಂದ ನಾನು ಬರೀ ಪ್ರೇಕ್ಷಕ. ಸವಾಲು ಹಾಕಬೇಕಾದ ಮಲ್ಲಣ್ಣನ ಅಫಜಲಪುರದ ಬಸ್ಸು ತಡವಾಗಿತ್ತು.

“ಅಕ್ಕಾರ, ನಿಮ್ಮ ಜವಾಬ್ ಮೊದಲ ಹಾಡ್ರಿ. ಆಮ್ಯಾಲ ಜೋಡಸ್ತೇನಿ,” ಎಂದು ಸ್ಟುಡಿಯೋದವನು ಎದುರು ಹಾಡುವ ಶಾಂತಕ್ಕನಿಗೆ ಹೇಳಿದ.

“ಅಂವ ಕೇಳೋಕಿಂತ ಮೊದಲ ನಾ ಹ್ಯಾಂಗ ಹೇಳ್ಲಿ?” ಎಂದು ಗೊಣಗಿದರೂ, ಮನೆಗೆ ಬೆಳಕು ಯಾರೆಂಬ ಮಾಮೂಲಿ ಸವಾಲಿಗೆ “ಹೆಣ್ಣು, ಹೆಣ್ಣು” ಎಂದು ಹಾಡಿ ಮುಗಿಸಿದಳು.

ಆಮೇಲೆ ಬಂದ ಮಲ್ಲಣ್ಣ ಹೆಡ್‌ಫೋನಿನಲ್ಲಿ ಅದನ್ನು ಕೇಳಿ, ಮೀಸೆಯೊಳಗೇ ನಕ್ಕು, ಸವಾಲನ್ನೇ ಬದಲಿಸಿ ಹಾಡಿದ: “ಊರಾಗ ಜಗಳ ಹಚ್ಚೋರು ಯಾರು?”

“ನಂದು ಇನ್ನೊಮ್ಮೆ ಹಾಡಸ್ರಿ,” ಎಂದು ಶಾಂತಕ್ಕ ಎದ್ದಳು.

“ಬ್ಯಾಡ್ರಿ ಅಕ್ಕಾರ, ಹಿಂಗಿದ್ರನ ಕ್ಯಾಸೆಟ್ ಭಾಳ ಹೋಗ್ತಾವ,” ಎಂದ ಸ್ಟುಡಿಯೋದವನು.

ಎದುರಿಗೆ ನಿಂತು ಅವಳನ್ನು ಒಮ್ಮೆಯೂ ಗೆಲ್ಲದ ಮಲ್ಲಣ್ಣ ಇನ್ನು ಕ್ಯಾಸೆಟ್ ಹಾಕಿದಾಗಲೆಲ್ಲ ಗೆಲ್ಲುತ್ತಾನೆ.