ಇಪ್ಪತ್ತು ನಿಮಿಷದ ನೀರು

ವರ್ಕ್‌ಶಾಪಿನವರೆಲ್ಲ ಲೇಬಲ್ ಪಂಡಿತ ಎಂದು ಕರೆಯುತ್ತಿದ್ದ ನಮ್ಮ ಗೆಳೆಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಹಳೆಯ ಗಿಯರು, ಬೇರಿಂಗುಗಳ ಜಿಡ್ಡು ತೊಳೆಯುವುದು ಅವನ ಮೂವತ್ತು ವರ್ಷದ ಕೆಲಸ. ಜಿಡ್ಡು ಕರಗಿಸುವ ಸಾಲ್ವೆಂಟಿನ ಹೊಸ ಡ್ರಮ್ ಬಂದರೆ, ಮುಚ್ಚಳ ತೆಗೆಯುವ ಮೊದಲು ಅದರ ಮೇಲಿನ ಸಣ್ಣಕ್ಷರಗಳನ್ನೆಲ್ಲ ಓದಿ ಮುಗಿಸುತ್ತಿದ್ದ. ಅವನ ನಾದಿನಿಗೂ ಅಲ್ಲೇ ಕೆಲಸ. ಅವಳ ಬಾಯಿಯೋ, ಅರಳು ಹುರಿದ ಹಾಗೆ.

"ಭಾವ, ನಮ್ಮಕ್ಕನ್ನ ನೋಡೋಕೆ ಬಂದಾಗ್ಲೂ ಹೀಗೇ ಓದ್ಕೊಂಡಿದ್ರೆ ಬಚಾವಾಗ್ತಿದ್ರಿ."

"ಅವಳ ಮೇಲೆ ಲೇಬಲ್ ಇರ್ಲಿಲ್ವಲ್ಲೇ!"

ಆ ವರ್ಕ್‌ಶಾಪಿನಲ್ಲೊಂದು ಚಟವಿತ್ತು. ತೊಳೆದ ಬೇರಿಂಗಿಗೆ ಗಾಳಿ ಪೈಪು ಹಿಡಿದರೆ ಅದು ಗಿರ್ರನೆ ತಿರುಗಿ ಕೂಗುತ್ತದೆ. ಯಾರದು ಹೆಚ್ಚು ಜೋರು ಎಂಬುದೇ ಪಂದ್ಯ. ಪಂಡಿತ ಬೈದು ಬೈದು ಸೋತಿದ್ದ. ಒಂದು ಮಧ್ಯಾಹ್ನ ನಾದಿನಿ, ಬೆವರಿಗೆ ಮಬ್ಬಾಗಿದ್ದ ರಕ್ಷಣಾ ಕನ್ನಡಕವನ್ನು ಹಣೆಗೇರಿಸಿ, ಪೈಪು ಹಿಡಿದಳು. ಬೇರಿಂಗಿನೊಳಗೆ ಉಳಿದಿದ್ದ ಸಾಲ್ವೆಂಟು ನೇರ ಬಲಗಣ್ಣಿಗೆ ಸಿಡಿಯಿತು.

ಕಣ್ಣಿಗೆ ಕೊಳ್ಳಿ ಇಟ್ಟಂತಾಯಿತು. ಉಜ್ಜಲು ಹೋದ ಅವಳ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು.

"ಉಜ್ಜಬೇಡ. ನಡಿ ನಲ್ಲಿಗೆ." ಭಾವನ ದನಿ.

ಅವನು ಕೈಗವಸು ಕಿತ್ತೆಸೆದು ಕೈ ತೊಳೆದುಕೊಂಡ. ತೊಳೆದ ನೀರು ಒಳ್ಳೆಯ ಕಣ್ಣಿಗೆ ಹರಿಯದಂತೆ ಅವಳ ತಲೆಯನ್ನು ಬಲಕ್ಕೆ ವಾಲಿಸಿ, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದು, ನಲ್ಲಿಯನ್ನು ಸಣ್ಣಗೆ ತಿರುಗಿಸಿದ.

"ಅಯ್ಯೋ, ಬಿಡಿ ಭಾವ, ಸಾಯ್ತೀನಿ!"

"ಸತ್ರೆ ನಿಮ್ಮಕ್ಕ ನನ್ನ ಬಿಟ್ಟಾಳಾ? ಸುಮ್ನೆ ಕಣ್ಣು ತಿರುಗಿಸ್ತಿರು."

ಸೂಪರ್‌ವೈಸರ್ ಓಡಿಬಂದ. "ಸಾಕು ಬಿಡಯ್ಯ, ಆಟೋ ಬಂದಿದೆ. ಆಸ್ಪತ್ರೆ ದೂರ."

"ದೂರ ಅಂತಾನೇ ಹೇಳ್ತಿರೋದು. ಐದೇ ನಿಮಿಷ ಆಗಿದೆ, ಇಪ್ಪತ್ತಾಗ್ಬೇಕು. ಆಟೋ ಕಾಯ್ಲಿ."

ಎಂಟನೇ ನಿಮಿಷಕ್ಕೆ ನಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಅವಳು ಭಾವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕಣ್ಣು ಹೋದರೆ ಕೆಲಸವೂ ಹೋದಂತೆ. ಆದರೆ ರೆಪ್ಪೆಯ ಮೇಲಿನ ಬೆರಳು ಕದಲಲಿಲ್ಲ.

"ಎಲ್ರೂ ಕುಡಿಯೋ ನೀರಿನ ಬಾಟ್ಲಿ ತನ್ನಿ! ಬೇಗ!"

ಊಟದ ಚೀಲಗಳಿಂದ ಬಾಟಲಿಗಳು ಬಂದವು. ಕೈಯಿಂದ ಕೈಗೆ ದಾಟಿದವು. ಅವನು ಒಂದೊಂದನ್ನೇ ಮೂಸಿ, ನಿಧಾನವಾಗಿ ಸುರಿದ.

"ಇದ್ಯಾವನ್ದೋ? ಶರಬತ್ತು!"

"ತಣ್ಣಗಿತ್ತಲ್ಲ ಅಂತ..." ಲೇತ್ ಯಂತ್ರದವನು ತೊದಲಿದ.

ಆ ಉರಿಯಲ್ಲೂ ಅವಳಿಗೆ ನಗು ಬಂತು.

ಗೋಡೆ ಗಡಿಯಾರದಲ್ಲಿ ಇಪ್ಪತ್ತಾದ ಮೇಲೆಯೇ ಆಟೋ ಹೊರಟಿತು. ಡ್ರಮ್ಮಿನ ಲೇಬಲ್ ಸುಲಿದು ಜೇಬಿಗಿಟ್ಟುಕೊಂಡು ಅವನೂ ಹತ್ತಿದ. ಕಣ್ಣಿನ ಡಾಕ್ಟರು ಅದನ್ನು ಓದಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ಮೇಲ್ಪದರ ಕೆಂಪಾಗಿದೆ, ಅಷ್ಟೇ. ವಾರದಲ್ಲಿ ಸರಿಹೋಗುತ್ತೆ. ತೊಳೆಯದೆ ಬಂದಿದ್ರೆ ನಾನು ಈ ಮಾತು ಹೇಳ್ತಿರ್ಲಿಲ್ಲ."

ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಹೊರಬಂದಾಗ ಭಾವ ಬೆಂಚಿನ ಮೇಲಿದ್ದ. ಅಂಗಿಯೆಲ್ಲ ಒದ್ದೆ. ಅಲ್ಲಿಯವರೆಗೆ ಕದಲದ ಆ ಕೈಗಳು ಈಗ ಗಡಗಡ ನಡುಗುತ್ತಿದ್ದವು.

"ಭಾವ, ನಿಮಗೇನಾಯ್ತು?"

"ಏನಿಲ್ಲ ಕಣೇ. ಈಗ ಸ್ವಲ್ಪ ಹೊತ್ತು ನೀನೇ ನನ್ನ ಹಿಡ್ಕೋ."

ಅವಳು ಪಕ್ಕದಲ್ಲಿ ಕೂತು, ಆ ಎರಡೂ ಕೈಗಳನ್ನು ತನ್ನ ಮಡಿಲಿಗೆಳೆದುಕೊಂಡಳು. ನಡುಕ ನಿಲ್ಲುವ ತನಕ ಬಿಡಲಿಲ್ಲ.