ಫಿನಾಯಿಲ್ ವಾಸನೆಯ ಸೆರಗು

ರಜೆ ಮುಗಿದು ಇವತ್ತು ನಮ್ಮ ಶಾಲೆ ಶುರುವಾಯಿತು. ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡರೆ ತರಗತಿಗಳನ್ನು ತೊಳೆದ ಫಿನಾಯಿಲ್ ವಾಸನೆ. ಅಮ್ಮನ ಸೆರಗಿನದೇ ವಾಸನೆ.

ಅಮ್ಮ ಸೂರತ್ತಿನ ಉಧ್ನಾದಲ್ಲಿ ಪ್ರಿನ್ಸಿಪಾಲ್ ಆಗಿದ್ದಳು. ಶಾಲೆ ತೆರೆಯುವ ದಿನ ಟೀಚರುಗಳಿಗೆಲ್ಲ ಹಿಂದಿಯಲ್ಲಿ, "ಇವತ್ತು ಒಂದು ಮಗುವಿಗೂ ಬೈಯಬೇಡಿ" ಎನ್ನುತ್ತಿದ್ದಳು. ಗೇಟಿನಲ್ಲಿ ಅಳುತ್ತ ನಿಂತ ಮಕ್ಕಳನ್ನು ತಾನೇ ಸೊಂಟಕ್ಕೇರಿಸಿಕೊಂಡು ತರಗತಿಗೆ ಒಯ್ಯುತ್ತಿದ್ದಳು. ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಮಂಚಕ್ಕೆ ಒರಗುತ್ತಿದ್ದಳು. ನಾನು ಹೊಸ ಪುಸ್ತಕ, ಖಾಕಿ ಕಾಗದ ಹಿಡಿದು, "ಅಮ್ಮಾ, ಬೈಂಡ್ ಹಾಕಿಕೊಡು" ಎಂದರೆ ಕಣ್ಣು ತೆರೆಯದೆಯೇ, "ನಾಳೆ ಹಾಕುವಾ ಪುಟ್ಟಿ" ಎನ್ನುತ್ತಿದ್ದಳು. ಆ ನಾಳೆ ಬಂದದ್ದು ಕಡಿಮೆ.

ಈಗ ನಾನೂ ಪ್ರಿನ್ಸಿಪಾಲ್. ಬೆಳಿಗ್ಗೆ ಟೀಚರುಗಳಿಗೆ ಅದೇ ಮಾತು ಹೇಳಿ ಬಂದಿದ್ದೇನೆ. ನಾನು ಒರಗಿದ್ದ ಮಂಚದ ಬಳಿ ಮಗಳು ಪುಸ್ತಕ ಹಿಡಿದು ನಿಂತಳು.

"ನಾಳೆ..." ಎಂದೆ.

"ಗೊತ್ತಿತ್ತು ಮಮ್ಮಿ. ಬೈಂಡ್ ನಾನೇ ಹಾಕಿಕೊಂಡೆ. ತೋರಿಸೋಣ ಅಂತ ಬಂದೆ, ಅಷ್ಟೇ."